ಆಪರೇಷನ್ ತಾರೀಖು ಬರುವ ತನಕ ಹೊಟ್ಟೆನೋವಿಗೆ ಯಾರು ದಿಕ್ಕು?

ದಾವಣಗೆರೆ: ರಾತ್ರಿ ಹತ್ತಕ್ಕೆ ಅಂಗಡಿ ಬಾಗಿಲು ಎಳೆದು, ಗಲ್ಲಾ ಎಣಿಸಿ, ದಾರಿಯಲ್ಲಿ ಮಿರ್ಚಿ-ಮಂಡಕ್ಕಿ ಕಟ್ಟಿಸಿಕೊಂಡು ಮನೆಗೆ ಹೋದ ಕಿರಾಣಿ ವ್ಯಾಪಾರಿಯೊಬ್ಬರು ಒಂದು ಗಂಟೆಯ ಹೊತ್ತಿಗೆ ಹಾಸಿಗೆ ಮೇಲೆ ಎದ್ದು ಕೂತರು. ಎದೆಗುಂಡಿಗೆಯ ಕೆಳಗೆ ಬಲಗಡೆ ಯಾರೋ ಮುಷ್ಟಿ ಕಟ್ಟಿ ಒತ್ತಿದ ಹಾಗೆ ನೋವು. ಅದು ಬೆನ್ನಿಗೆ ಹೋಯಿತು, ಬಲ ಹೆಗಲಿಗೆ ಏರಿತು. ಕೂತರೂ ಇಲ್ಲ, ಮಲಗಿದರೂ ಇಲ್ಲ. "ಗ್ಯಾಸ್ ಇರಬೇಕು ಬಿಡ್ರಿ" ಎಂದು ಹೆಂಡತಿ ಓಂಕಾಳು ನೀರು ಕೊಟ್ಟರು. ಪಕ್ಕದ ಮನೆಯವರು ಸೋಡಾ ತಂದರು. ಬೆಳಗಿನ ಜಾವ ನಾಲ್ಕಕ್ಕೆ ನೋವು ತಾನಾಗಿಯೇ ಇಳಿಯಿತು. ಆರಕ್ಕೆ ಅಂಗಡಿ ತೆಗೆದರು. ಹಾಲಿನ ಗಿರಾಕಿ ಕಾಯುವುದಿಲ್ಲವಲ್ಲ!

ಹೀಗೆ ಮೂರು ಸಲ ಆದ ಮೇಲೆ ಸ್ಕ್ಯಾನಿಂಗ್ ಆಯಿತು. ಪಿತ್ತಕೋಶದಲ್ಲಿ ಕಲ್ಲು. ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಡಾಕ್ಟರು ನೋಡಿದರು, ಆಪರೇಷನ್ ಆಗಬೇಕು ಎಂದರು, ಎರಡೂವರೆ ತಿಂಗಳ ಆಚೆಗೆ ಒಂದು ತಾರೀಖು ಬರೆದುಕೊಟ್ಟರು. ವ್ಯಾಪಾರಿ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲೀ ತನಕ ರಾತ್ರಿ ನೋವು ಬಂದ್ರೆ ಏನ್ ಮಾಡ್ಲಿ ಸಾರ್?" ಹಿಂದೆ ಐವತ್ತು ಜನ ನಿಂತಿದ್ದರು. ಉತ್ತರ ಸಿಗುವುದರೊಳಗೆ ಮುಂದಿನ ಹೆಸರು ಕೂಗಿಯಾಗಿತ್ತು.

ಈ ಪ್ರಶ್ನೆ ಒಬ್ಬ ವ್ಯಾಪಾರಿಯದಲ್ಲ. ಜಗಳೂರು, ಚನ್ನಗಿರಿ, ಹೊನ್ನಾಳಿ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಸ್ಕ್ಯಾನಿಂಗ್ ಕವರು ಕಂಕುಳಲ್ಲಿ ಇಟ್ಟುಕೊಂಡು ಬರುವವರದೂ ಇದೇ ಪ್ರಶ್ನೆ. ತಾರೀಖು ಸಿಕ್ಕಿದೆ. ತಾರೀಖಿನ ತನಕ ಬದುಕುವ ದಾರಿ ಮಾತ್ರ ಯಾರೂ ಹೇಳಿಲ್ಲ.

ಕಲ್ಲು ಎಂದರೆ ಎಲ್ಲಾ ಒಂದೇ ಕಲ್ಲಲ್ಲ

ಮೊದಲ ಗೊಂದಲ ಹೆಸರಿನದೇ. 'ಕಲ್ಲು' ಅಂದ ಕೂಡಲೇ ಬಸ್ ಸ್ಟ್ಯಾಂಡಿನಿಂದ ಹಿಡಿದು ಮದುವೆ ಮನೆ ತನಕ ಎಲ್ಲರೂ ವೈದ್ಯರೇ. "ಬಾಳೆದಿಂಡಿನ ರಸ ಕುಡೀರಿ", "ಹುರುಳಿ ಕಟ್ಟು ಕುಡೀರಿ", "ಕಾಡುಬಸಳೆ ಎಲೆ ಅಗೀರಿ", ಇನ್ನೂ ಕೆಲವರು "ಬಿಯರ್ ಕುಡುದ್ರೆ ಕಲ್ಲು ಜಾರಿ ಹೋಗ್ತದ್ರೀ" ಎನ್ನುವವರು. ಇವೆಲ್ಲ ಮೂತ್ರಪಿಂಡದ ಕಲ್ಲಿನ ಮಾತು. ಕಿಡ್ನಿಯಲ್ಲಿರುವ ಸಣ್ಣ ಕಲ್ಲು ಮೂತ್ರದ ದಾರಿ ಹಿಡಿದು ಹೊರಗೆ ಹೋಗುವುದು ನಿಜ. ಪಿತ್ತಕೋಶಕ್ಕೂ ಮೂತ್ರಕ್ಕೂ ಸಂಬಂಧವೇ ಇಲ್ಲ. ಎಷ್ಟು ಕೊಡ ನೀರು ಕುಡಿದರೂ ಪಿತ್ತದ ಕಲ್ಲು ಮೂತ್ರದಲ್ಲಿ ಹೋಗದು.

ಎರಡನೆಯ ಗೊಂದಲ 'ಪಿತ್ತ' ಎಂಬ ಮಾತಿನದು. ತಲೆ ಸುತ್ತಿದರೆ ಪಿತ್ತ, ಬಾಯಿ ಕಹಿಯಾದರೆ ಪಿತ್ತ, ಸಿಟ್ಟು ಬಂದರೂ ಪಿತ್ತ! ಹಾಗಾಗಿ ನಿಂಬೆಹಣ್ಣು, ಶುಂಠಿ ರಸ ಕುಡಿದರೆ ಕಲ್ಲೂ ಕರಗುತ್ತದೆಂಬ ನಂಬಿಕೆ. ಪಿತ್ತಕೋಶ ಎಂಬುದು ಬಲಗಡೆ ಪಕ್ಕೆಲುಬಿನ ಕೆಳಗೆ, ಲಿವರಿಗೆ ಅಂಟಿಕೊಂಡಿರುವ ಒಂದು ಸಣ್ಣ ಚೀಲ. ಲಿವರು ತಯಾರಿಸುವ ಪಿತ್ತರಸ ಇದರಲ್ಲಿ ಕೂಡಿರುತ್ತದೆ. ಎಣ್ಣೆ, ತುಪ್ಪ, ಬೆಣ್ಣೆ ಹೊಟ್ಟೆಗೆ ಬಿದ್ದಾಗ ಚೀಲ ಹಿಂಡಿಕೊಂಡು ರಸವನ್ನು ಕರುಳಿಗೆ ಬಿಡುತ್ತದೆ. ಹಿಂಡುವ ಹೊತ್ತಿಗೆ ಚೀಲದ ಬಾಯಿಗೆ ಕಲ್ಲು ಅಡ್ಡ ಬಂದರೆ ಅದೇ ನೋವು. ಕಲ್ಲು ಹಿಂದಕ್ಕೆ ಸರಿದರೆ ನೋವು ಇಳಿಯಿತು. ಅರ್ಧ ಗಂಟೆಯಿಂದ ಕೆಲವು ಗಂಟೆ ತನಕ ನೋವು ಇದ್ದು, ಆಮೇಲೆ ಏನೂ ಆಗಿಲ್ಲವೆಂಬಂತೆ ಮನುಷ್ಯ ಓಡಾಡುವುದು ಈ ಕಾರಣಕ್ಕೆ. ರಾತ್ರಿ ಊಟದ ಮೇಲೆ ಹೆಚ್ಚಾಗಿ ಬರುವುದೂ ಇದೇ ಕಾರಣಕ್ಕೆ.

ಎಕ್ಸ್‌ರೇ ತೆಗೆಸಿ "ಏನೂ ಇಲ್ಲ" ಎಂದು ನಿರಾಳವಾದವರೂ ಇದ್ದಾರೆ. ಪಿತ್ತದ ಕಲ್ಲುಗಳಲ್ಲಿ ಹೆಚ್ಚಿನವು ಎಕ್ಸ್‌ರೇಗೆ ಕಾಣುವುದಿಲ್ಲ. ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗೇ ಆಗಬೇಕು.

ಹಾಗಂತ ಸ್ಕ್ಯಾನಿಂಗಿನಲ್ಲಿ ಕಲ್ಲು ಕಂಡವರೆಲ್ಲ ಆಪರೇಷನ್ ಟೇಬಲ್ಲಿಗೆ ಓಡಬೇಕಿಲ್ಲ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಲ್ಲು ಕಾಣುವುದುಂಟು. ಅಂಥವರಲ್ಲಿ ಹೆಚ್ಚಿನವರಿಗೆ ಜೀವಮಾನದಲ್ಲಿ ನೋವು ಬರುವುದೇ ಇಲ್ಲ. ನೋವು ಕೊಡದ ಕಲ್ಲನ್ನು ಸಾಮಾನ್ಯವಾಗಿ ಹಾಗೇ ಬಿಡುತ್ತಾರೆ. ನೋವು ಕೊಟ್ಟ ಕಲ್ಲಿನ ಲೆಕ್ಕ ಬೇರೆ. ಒಮ್ಮೆ ಬಂದದ್ದು ಮತ್ತೆ ಬರುವ ಸಂಭವ ಜಾಸ್ತಿ.

ಕಾಯುವುದು ಏಕೆ?

ಆಪರೇಷನ್ ಹೊಸದೇನಲ್ಲ. ಪಿತ್ತಕೋಶವನ್ನು ಮೊದಲು ತೆಗೆದದ್ದು 1882ರಲ್ಲಿ, ಬರ್ಲಿನ್ನಿನ ಲಾಂಗೆನ್‌ಬುಖ್ ಎಂಬ ಸರ್ಜನ್. ಹೊಟ್ಟೆ ಉದ್ದಕ್ಕೆ ಕೊಯ್ಯದೆ ಸಣ್ಣ ತೂತು ಮಾಡಿ ತೆಗೆಯುವ ಲ್ಯಾಪರೋಸ್ಕೋಪಿ ವಿಧಾನವನ್ನು 1985ರಲ್ಲಿ ಜರ್ಮನಿಯ ಮ್ಯೂಹೆ ಮಾಡಿದರು. 1990ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ಉದ್ವಾಡಿಯಾ ಅದನ್ನು ಭಾರತಕ್ಕೆ ತಂದರು. ಈಗ ಜಿಲ್ಲಾ ಕೇಂದ್ರಗಳಲ್ಲಿ ಇದು ದಿನನಿತ್ಯದ ಕೆಲಸ. ತೂತಿನ ಆಪರೇಷನ್ ಆದರೆ ಒಂದೆರಡು ದಿನಕ್ಕೆ ಮನೆ, ಒಂದೆರಡು ವಾರಕ್ಕೆ ಅಂಗಡಿ. ಹೊಟ್ಟೆ ಕೊಯ್ದರೆ ಮಾತ್ರ ತಿಂಗಳು, ಒಂದೂವರೆ ತಿಂಗಳು ವಿಶ್ರಾಂತಿ ಬೇಕು.

ಮತ್ತೆ ತಡ ಏಕೆ? ಕಲ್ಲಿನ ಆಪರೇಷನ್ ಆಸ್ಪತ್ರೆ ಲೆಕ್ಕದಲ್ಲಿ 'ಮುಂಚೆ ಗೊತ್ತು ಮಾಡಿದ' ಆಪರೇಷನ್. ಅದೇ ಥಿಯೇಟರಿಗೆ ಹೈವೇಯಲ್ಲಿ ಬಿದ್ದವರು ಬರುತ್ತಾರೆ, ಕರುಳು ತೂತಾದವರು ಬರುತ್ತಾರೆ, ಅಪೆಂಡಿಕ್ಸ್ ಒಡೆದವರು ಬರುತ್ತಾರೆ. ಅವರು ಮುಂದೆ, ಇವರು ಹಿಂದೆ. ಅದು ನ್ಯಾಯವೇ. ಆದರೆ ಸರ್ಜನ್ ಇದ್ದ ದಿನ ಅರಿವಳಿಕೆ ಕೊಡುವವರಿಲ್ಲ, ಇಬ್ಬರೂ ಇದ್ದ ದಿನ ಉಪಕರಣ ಕೆಟ್ಟಿದೆ, ಎಲ್ಲ ಸರಿ ಇದ್ದ ದಿನ ಬೆಡ್ ಇಲ್ಲ ಎಂದಾದರೆ ಅದು ನ್ಯಾಯವಲ್ಲ, ಆಡಳಿತದ ದೋಷ. ತಾರೀಖು ಒಂದು ಸಲ ಮುಂದೆ ಹೋದರೆ, ಕೂಲಿಯವನಿಗೆ ಮತ್ತೊಂದು ದಿನದ ದುಡಿಮೆ ಹೋಯಿತು, ಎರಡು ಕಡೆಯ ಬಸ್ ಚಾರ್ಜೂ ಹೋಯಿತು.

ಕಾಯುವ ಕಾಟ ಇಲ್ಲಿಯದಷ್ಟೇ ಅಲ್ಲ. ಸರ್ಕಾರವೇ ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಕೊಡುವ ಬ್ರಿಟನ್ನಿನಲ್ಲೂ ಈ ಆಪರೇಷನ್ನಿಗೆ ಉದ್ದನೆಯ ಪಟ್ಟಿ ಇದೆ. ಅಲ್ಲಿ 434 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ನೋವು ಬರುತ್ತಿದ್ದರೂ ಬೇರೆ ತೊಡಕು ಇಲ್ಲದವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆಪರೇಷನ್ನು, ಇನ್ನೊಂದಕ್ಕೆ ನೋವಿನ ಮಾತ್ರೆ ಮತ್ತು ಆಹಾರದ ಸಲಹೆ ಎಂದು ಗೊತ್ತು ಮಾಡಿದ್ದರು. ಹದಿನೆಂಟು ತಿಂಗಳ ಹೊತ್ತಿಗೆ ಎರಡು ಗುಂಪಿನ ನೋವಿನ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಎರಡನೇ ಗುಂಪಿನಲ್ಲಿ ಅಷ್ಟರೊಳಗೆ ಆಪರೇಷನ್ ಆದದ್ದು ನಾಲ್ಕರಲ್ಲಿ ಒಬ್ಬರಿಗೆ.

ಇದರಿಂದ ತಿಳಿಯುವುದು ಇಷ್ಟು. ತೊಡಕಿಲ್ಲದ ಕಲ್ಲಿಗೆ ಕಾಯುವುದರಿಂದಲೇ ಪ್ರಾಣ ಹೋಗುವುದಿಲ್ಲ. ಹೆದರಿ ಮಾಂಗಲ್ಯ ಅಡವಿಟ್ಟು ನಾಳೆಯೇ ಕೊಯ್ಯಿಸಿಕೊಳ್ಳಬೇಕಿಲ್ಲ. ಆದರೆ ಆ ಬ್ರಿಟನ್ನಿನ ರೋಗಿಗಳು ಸುಮ್ಮನೆ ಕಾದವರಲ್ಲ. ಕೈಯಲ್ಲಿ ಮಾತ್ರೆ ಇತ್ತು, ಕಿವಿಯಲ್ಲಿ ಸಲಹೆ ಇತ್ತು. ಇಲ್ಲಿ ಇಲ್ಲದಿರುವುದು ಅದೇ.

ನೋವು ಬಂದ ರಾತ್ರಿ

ಈ ನೋವಿಗೆ ಗ್ಯಾಸಿನ ಮಾತ್ರೆ, ಸೋಡಾ, ಜೀರಿಗೆ ನೀರು ಕೆಲಸ ಮಾಡವು. ಕುಡಿದ ಮೇಲೆ ನೋವು ಇಳಿದರೆ ಅದು ಕಲ್ಲು ಸರಿದದ್ದಕ್ಕೆ, ಸೋಡಾದ ಮಹಿಮೆಯಿಂದಲ್ಲ. ವೈದ್ಯರು ಇದಕ್ಕೆ ಹೆಚ್ಚಾಗಿ ಬರೆಯುವುದು ಡೈಕ್ಲೋಫೆನಾಕ್ ಜಾತಿಯ ನೋವಿನ ಮಾತ್ರೆ ಅಥವಾ ಇಂಜೆಕ್ಷನ್. ಈ ನೋವಿಗೆ ಅದು ಒಳ್ಳೆಯ ಔಷಧ. ಆದರೆ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಹೃದಯದ ಕಾಯಿಲೆ ಇದ್ದವರಿಗೆ, ರಕ್ತ ತೆಳು ಮಾಡುವ ಮಾತ್ರೆ ನುಂಗುವವರಿಗೆ, ಬಸುರಿಯರಿಗೆ ಅದು ಅಪಾಯ. ಮೆಡಿಕಲ್ ಶಾಪಿನ ಕೌಂಟರಿನಲ್ಲಿ "ಒಂದು ಗಟ್ಟಿ ಮಾತ್ರೆ ಕೊಡಪ್ಪಾ" ಎಂದು ಕೇಳಿ ನುಂಗುವ ಸಾಮಾನಲ್ಲ. ಪ್ಯಾರಾಸಿಟಮಾಲ್ ಕೂಡ ಕೆಲವರಿಗೆ ಸಾಕಾಗುತ್ತದೆ. ದೊಡ್ಡವರಿಗೂ ದಿನಕ್ಕೆ 4 ಗ್ರಾಂ, ಎಂದರೆ 500ರ ಎಂಟು ಮಾತ್ರೆ ಮೀರಕೂಡದು. ಲಿವರ್ ಕೆಟ್ಟವರು, ಕುಡಿಯುವವರು ಅಷ್ಟೂ ತೆಗೆದುಕೊಳ್ಳಕೂಡದು.

ಮುಖ್ಯ ಮಾತೆಂದರೆ, ತಾರೀಖು ಬರೆಸಿಕೊಳ್ಳುವ ದಿನವೇ "ನೋವು ಬಂದ್ರೆ ಯಾವ ಮಾತ್ರೆ, ಎಷ್ಟು, ಎಷ್ಟು ಗಂಟೆಗೊಂದು?" ಎಂದು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಮಾತ್ರೆ ತಂದು ಮನೆಯಲ್ಲಿ ಇಟ್ಟುಕೊಂಡಿರಬೇಕು. ರಾತ್ರಿ ಎರಡು ಗಂಟೆಗೆ ಯಾವ ಮೆಡಿಕಲ್ ಶಾಪು ತೆರೆದಿರುತ್ತದೆ? ನೋವು ಶುರುವಾದಾಗಲೇ ತೆಗೆದುಕೊಂಡರೆ ಗುಣ. "ತಡಕೊಳ್ಳಾಣ, ಹೋಗ್ತದೆ" ಎಂದು ಮೂರು ಗಂಟೆ ಒದ್ದಾಡಿ ಆಮೇಲೆ ನುಂಗುವುದು ಗಂಡಸುತನವೂ ಅಲ್ಲ, ಜಾಣತನವೂ ಅಲ್ಲ. ಹೊಟ್ಟೆ ಮೇಲೆ ಬಿಸಿನೀರಿನ ಚೀಲ ಇಟ್ಟರೆ ಕೆಲವರಿಗೆ ಹಿತ. ಚರ್ಮ ಸುಡದಂತೆ ಬಟ್ಟೆ ಸುತ್ತಬೇಕು, ಅಷ್ಟೆ.

ಬೆಣ್ಣೆದೋಸೆ ಊರಿನಲ್ಲಿ ಪಥ್ಯ

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆ ಹೇಳಿ ರೋಗಿಯನ್ನೇ ತಪ್ಪಿತಸ್ಥನ ಕಟಕಟೆಯಲ್ಲಿ ನಿಲ್ಲಿಸುವವರಿದ್ದಾರೆ. ಹೆಣ್ಣಾಗಿರುವುದು, ವಯಸ್ಸು ನಲವತ್ತು ದಾಟುವುದು, ಬಸುರು, ಮನೆತನ, ಮೈಭಾರ ಇವೆಲ್ಲ ಕಲ್ಲಿಗೆ ಕಾರಣ. ಕೆಲವು ರಕ್ತದ ಕಾಯಿಲೆಗಳೂ ಕಾರಣ. ದೋಸೆಯೊಂದನ್ನೇ ಬೈದು ಪ್ರಯೋಜನವಿಲ್ಲ.

ಆದರೆ ಕಲ್ಲು ಕೂತ ಮೇಲೆ ನೋವನ್ನು ಎಬ್ಬಿಸುವುದು ಜಿಡ್ಡು. ಆಪರೇಷನ್ ಆಗುವ ತನಕ ಬೆಣ್ಣೆದೋಸೆ, ಮಿರ್ಚಿ, ಬೋಂಡಾ, ಕೊಬ್ಬಿನ ಮಾಂಸಕ್ಕೆ ರಜೆ ಕೊಡುವುದು ಮೇಲು. ಮಂಡಕ್ಕಿ ತಿನ್ನಬಹುದು, ಮೇಲೆ ಎಣ್ಣೆ ಸುರಿಯದಿದ್ದರೆ ಸೈ. ಮುದ್ದೆ, ಜೋಳದ ರೊಟ್ಟಿ, ಅನ್ನ, ಬೇಳೆ ಸಾರು, ಪಲ್ಯ, ನೀರು ಮಜ್ಜಿಗೆ ಇವಕ್ಕೆ ತಡೆಯಿಲ್ಲ. ಯಾವುದು ತಿಂದರೆ ಯಾರಿಗೆ ನೋವು ಎಂಬುದು ಒಬ್ಬೊಬ್ಬರಿಗೆ ಒಂದೊಂದು ತರ. ಒಗ್ಗದ್ದನ್ನು ಬಿಡಬೇಕು.

ಇಲ್ಲಿ ಇನ್ನೊಂದು ತಪ್ಪು ನಡೆಯುತ್ತದೆ. ನೋವಿಗೆ ಹೆದರಿ ಊಟವನ್ನೇ ಬಿಡುವುದು! ಹೊಟ್ಟೆ ಬಹಳ ಹೊತ್ತು ಖಾಲಿ ಇದ್ದರೆ ಚೀಲದಲ್ಲಿ ರಸ ನಿಂತು ಮಡ್ಡಿಯಾಗುತ್ತದೆ, ಕಲ್ಲಿಗೆ ಅದೇ ಗೊಬ್ಬರ. ತಿಂಗಳಿಗೆ ಏಳೆಂಟು ಕೇಜಿ ಇಳಿಸುವ ಹಟದ ಉಪವಾಸವೂ ಕಲ್ಲನ್ನು ಹೆಚ್ಚಿಸುತ್ತದೆ. ಮಧ್ಯಾಹ್ನದ ಊಟ ನಾಲ್ಕಕ್ಕೆ ಮಾಡಿ, ರಾತ್ರಿ ಹನ್ನೊಂದಕ್ಕೆ ಹೊಟ್ಟೆ ಬಿರಿಯ ಉಣ್ಣುವ ಅಂಗಡಿಯವರ ಪದ್ಧತಿ ಈ ಕಾಯಿಲೆಗೆ ಹೇಳಿ ಮಾಡಿಸಿದ್ದು. ಹೊತ್ತಿಗೆ ಸರಿಯಾಗಿ, ಸ್ವಲ್ಪ ಸ್ವಲ್ಪ ಉಣ್ಣುವುದೇ ಪಥ್ಯ. ವಾರ ಮಾಡುವವರು, ರೋಜಾ ಹಿಡಿಯುವವರು ಡಾಕ್ಟರನ್ನು ಒಂದು ಮಾತು ಕೇಳಿಕೊಳ್ಳಬೇಕು.

ಕಲ್ಲು ಕರಗಿಸುವ ಮಾತ್ರೆ ಇಲ್ಲವೇ? ಇದೆ. ಅದು ಕೊಲೆಸ್ಟರಾಲಿನ ಸಣ್ಣ ಕಲ್ಲಿಗೆ ಮಾತ್ರ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ಮೀರಿ ನುಂಗಬೇಕು. ಬಿಟ್ಟ ಮೇಲೆ ಬಹಳ ಜನರಿಗೆ ಮತ್ತೆ ಕಲ್ಲು ಬರುತ್ತದೆ. ಎಣ್ಣೆ ಮತ್ತು ನಿಂಬೆರಸ ಕುಡಿಸಿ "ನೋಡ್ರಿ, ಹಸಿರು ಕಲ್ಲು ಬಿತ್ತು" ಎಂದು ತೋರಿಸುವ ವಿದ್ಯೆಯೂ ಈಗ ಮೊಬೈಲಿನಲ್ಲಿ ಓಡಾಡುತ್ತಿದೆ. ಬಿದ್ದದ್ದು ಕಲ್ಲಲ್ಲ. ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸೋಪಿನ ಉಂಡೆಯಾಗಿ ಬಿದ್ದದ್ದು.

ಕಾಯಬಾರದ ನೋವು

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಕಾಯಬಹುದಾದ ನೋವು ಬೇರೆ, ಕಾಯಬಾರದ ನೋವು ಬೇರೆ. ಈ ವ್ಯತ್ಯಾಸ ಮನೆಯ ಎಲ್ಲರಿಗೂ ಗೊತ್ತಿರಬೇಕು.

ಒಂದು, ಮಾತ್ರೆ ತೆಗೆದುಕೊಂಡರೂ ಐದಾರು ಗಂಟೆ ಮೀರಿ ನೋವು ನಿಲ್ಲದಿದ್ದರೆ. ಎರಡು, ನೋವಿನ ಜೊತೆ ಚಳಿ-ಜ್ವರ ಬಂದರೆ. ಮೂರು, ಕಣ್ಣು ಹಳದಿಯಾದರೆ, ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ, ಮಲ ಬಿಳಿಚಿಕೊಂಡರೆ. ನಾಲ್ಕು, ನೀರೂ ನಿಲ್ಲದಂತೆ ವಾಂತಿಯಾಗುತ್ತಿದ್ದರೆ, ಅಥವಾ ಹೊಟ್ಟೆಯ ಮೇಲ್ಭಾಗದಿಂದ ಬೆನ್ನಿಗೆ ಸೀಳಿಕೊಂಡು ಹೋಗುವ ನೋವಿದ್ದರೆ. ಕಲ್ಲು ಚೀಲ ಬಿಟ್ಟು ನಾಳಕ್ಕೆ ಜಾರಿ ಸಿಕ್ಕಿಕೊಂಡರೆ ಸೋಂಕು ರಕ್ತಕ್ಕೆ ಏರಬಹುದು, ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಆಗ ತಾರೀಖು ಗೀರೀಖು ಎಂದು ನೋಡುವ ಹಾಗಿಲ್ಲ. ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು. 2008ರಿಂದ ಇರುವ 108ರ ಗಾಡಿ ಇಂಥದ್ದಕ್ಕೇ. ಸಕ್ಕರೆ ಕಾಯಿಲೆಯವರು ಇನ್ನೂ ಎಚ್ಚರವಾಗಿರಬೇಕು. ಅವರಿಗೆ ಒಳಗೆ ಕೀವಾದರೂ ನೋವು ಕಡಿಮೆಯೇ ಕಾಣಬಹುದು.

ಎದೆ ಬಿಗಿತ, ಬೆವರು, ಉಸಿರುಕಟ್ಟುವುದು ಇದ್ದರೆ "ಇದು ನಮ್ಮ ಹಳೇ ಕಲ್ಲು" ಎಂದು ಸುಮ್ಮನೆ ಮಲಗಬಾರದು. ಹೃದಯಾಘಾತವೂ ಹೊಟ್ಟೆನೋವಿನ ವೇಷದಲ್ಲಿ ಬರುತ್ತದೆ.

ಕಣ್ಣು ಹಳದಿಯಾದ ಕೂಡಲೇ ಈ ಕಡೆಯ ಜನ ಮಾಡುವುದೇನು? ಕಾಮಣಿ ಔಷಧಿ ಕೊಡುವವರ ಊರಿಗೆ ಬಸ್ಸು ಹತ್ತುವುದು. ಸೊಪ್ಪಿನ ರಸ, ಉಪ್ಪಿಲ್ಲದ ಪಥ್ಯ, ಒಂದು ವಾರ ಕಾಯುವುದು. ವೈರಸ್ಸಿನ ಕಾಮಾಲೆ ಹೆಚ್ಚಾಗಿ ತಾನಾಗಿಯೇ ಇಳಿಯುವುದರಿಂದ ಆ ಔಷಧಿಗೆ ಹೆಸರು ಬಂದಿದೆ. ನಾಳಕ್ಕೆ ಕಲ್ಲು ಸಿಕ್ಕಿ ಬಂದ ಕಾಮಾಲೆ ಸೊಪ್ಪಿಗೆ ಜಗ್ಗುವುದಿಲ್ಲ. ಬಾಯಿಯ ಮೂಲಕ ಕೊಳವೆ ಇಳಿಸಿ ಕಲ್ಲು ತೆಗೆಯಬೇಕಾಗುತ್ತದೆ. ಕಳೆದ ಆ ಒಂದು ವಾರವೇ ಎಷ್ಟೋ ಮನೆಗಳಿಗೆ ದುಬಾರಿಯಾಗುತ್ತದೆ.

ನೋವಿಗೂ ಒಂದು ಉದ್ರಿ ಪುಸ್ತಕ

ಅಂಗಡಿಯವರಿಗೆ ಲೆಕ್ಕ ಇಡುವುದು ಹೇಳಿಕೊಡಬೇಕಿಲ್ಲ. ಉದ್ರಿ ಪುಸ್ತಕದ ಹಾಗೇ ನೋವಿನ ಪುಸ್ತಕ ಒಂದನ್ನು ಇಟ್ಟರೆ ಬಹಳ ಉಪಯೋಗ. ತಾರೀಖು, ಶುರುವಾದ ಹೊತ್ತು, ಏನು ತಿಂದಿದ್ದು, ಎಷ್ಟು ಗಂಟೆ ಇತ್ತು, ಜ್ವರ ಇತ್ತೇ, ಎಷ್ಟು ಮಾತ್ರೆ ಹೋಯಿತು, ಅಷ್ಟೇ. "ಆಗಾಗ ಬರ್ತದ್ರೀ ಸಾರ್" ಎಂದರೆ ಡಾಕ್ಟರಿಗೆ ಏನೂ ತಿಳಿಯದು. "ಒಂದು ತಿಂಗಳಿಗೆ ಐದು ಸಲ, ಎರಡು ಸಲ ಇಂಜೆಕ್ಷನ್ ಬೇಕಾಯ್ತು" ಎಂದು ಪುಸ್ತಕ ತೋರಿಸಿದರೆ ತಾರೀಖನ್ನು ಹಿಂದಕ್ಕೆ ಎಳೆಯಲು ಅವರಿಗೂ ಒಂದು ಆಧಾರ ಸಿಗುತ್ತದೆ. ಚೀಲಕ್ಕೆ ಸೋಂಕಾದವರಿಗೆ, ಗ್ರಂಥಿ ಊದಿದವರಿಗೆ ಬೇಗ ಆಪರೇಷನ್ ಆಗಬೇಕೆಂಬುದು ವೈದ್ಯ ಶಾಸ್ತ್ರದ್ದೇ ಮಾತು. ಅಂಥವರು ಸಾಮಾನ್ಯ ಸರದಿಯಲ್ಲಿ ನಿಲ್ಲಬೇಕಾದವರಲ್ಲ.

ಹಣದ ದಾರಿಯೂ ಒಂದಿಷ್ಟು ಗೊತ್ತಿರಲಿ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಯೋಜನೆಯ ದರದ ಶೇಕಡ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಆಗದಿದ್ದರೆ ಅಲ್ಲಿಂದಲೇ ರೆಫರಲ್ ಚೀಟಿ ಪಡೆದು ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗುವುದು ಕ್ರಮ. ನಿಜವಾದ ತುರ್ತಿಗೆ ಆ ಚೀಟಿಗಾಗಿ ಅಲೆಯಬೇಕಿಲ್ಲ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ನಡೆದಿದೆ. ಹಾಲಿನ ಡೈರಿಗೆ ಹಾಲು ಹಾಕುವವರು ನೋಂದಣಿಯ ಅವಧಿಯಲ್ಲೇ ಹೆಸರು ಬರೆಸಿರಬೇಕು. ನೋವು ಬಂದ ಮೇಲೆ ಬರೆಸಲು ಹೋದರೆ ಬಾಗಿಲು ಹಾಕಿರುತ್ತದೆ. ತಾರೀಖು ದೂರವಿದ್ದಾಗ "ರೆಫರಲ್ ಕೊಡ್ತೀರಾ ಸಾರ್?" ಎಂದು ಕೇಳುವುದು ರೋಗಿಯ ಹಕ್ಕು. ಅದು ಭಿಕ್ಷೆಯಲ್ಲ.

ಒಂದು ಚೀಟಿಯ ಮಾತು

ಹೊಸ ಥಿಯೇಟರು ಕಟ್ಟಲು ಕೋಟಿ ಬೇಕು, ಅರಿವಳಿಕೆ ವೈದ್ಯರ ಹುದ್ದೆ ತುಂಬಲು ಬೆಂಗಳೂರಿನ ಆದೇಶ ಬೇಕು. ಆದರೆ ತಾರೀಖಿನ ಜೊತೆಗೆ ಒಂದು ಅಂಗೈ ಅಗಲದ ಚೀಟಿ ಕೊಡಲು ಏನು ಬೇಕು? ನೋವಿಗೆ ಯಾವ ಮಾತ್ರೆ, ಏನು ತಿನ್ನಬಾರದು, ಯಾವ ಲಕ್ಷಣ ಕಂಡರೆ ರಾತ್ರಿಯೇ ಬರಬೇಕು, ತಾರೀಖು ಬದಲಾದರೆ ಯಾವ ಫೋನು. ಕನ್ನಡದಲ್ಲಿ ನಾಲ್ಕು ಸಾಲು. ಓದು ಬಾರದವರಿಗೆ ನರ್ಸಮ್ಮ ಒಂದು ಸಲ ಓದಿ ಹೇಳಿದರೆ ಎರಡು ನಿಮಿಷ. ಮದುವೆ ಕರೆಯೋಲೆ ಅಚ್ಚು ಮಾಡುವ ಈ ಊರಿನ ಯಾವ ಪ್ರೆಸ್ಸಿನವನೂ ಸಾವಿರ ಚೀಟಿಯನ್ನು ಒಂದು ಸಂಜೆಯಲ್ಲಿ ಹೊಡೆದು ಕೊಟ್ಟಾನು.

ಆ ಕಿರಾಣಿ ವ್ಯಾಪಾರಿಯ ಕತೆ ಏನಾಯಿತು? ತಾರೀಖಿಗೆ ಇನ್ನೂ ಮೂರು ವಾರ ಇರುವಾಗ ಒಂದು ರಾತ್ರಿ ನೋವಿನ ಜೊತೆ ನಡುಕ ಬಂತು. "ಬೆಳಗ್ಗೆ ನೋಡಾಣ, ಅಂಗಡಿ ಯಾರು ತೆಗೀತಾರೆ?" ಎಂದು ಮಲಗಿದವರನ್ನು ಎಬ್ಬಿಸಿ ಆಟೋ ಹತ್ತಿಸಿದ್ದು ನರ್ಸಿಂಗ್ ಓದುತ್ತಿದ್ದ ತಮ್ಮನ ಮಗಳು. "ದೊಡ್ಡಪ್ಪಾ, ಚಳಿ-ಜ್ವರ ಬಂದ್ರೆ ಕಾಯಂಗಿಲ್ಲ" ಎಂದು ಹಟ ಹಿಡಿದಳಂತೆ. ಪಿತ್ತಕೋಶಕ್ಕೆ ಸೋಂಕಾಗಿತ್ತು. ಡ್ರಿಪ್ಪು, ಇಂಜೆಕ್ಷನ್ನು, ಅದೇ ದಾಖಲಾತಿಯಲ್ಲಿ ಆಪರೇಷನ್ನು. ಈಗ ಗಲ್ಲಾದ ಮುಂದೆ ಕೂತಿದ್ದಾರೆ. ಊಟ ಒಂಬತ್ತಕ್ಕೇ ಮುಗಿಯುತ್ತದೆ.

ಅವರ ಮನೆಯಲ್ಲಿ ಹೇಳುವವಳು ಒಬ್ಬಳಿದ್ದಳು. ಎಲ್ಲರ ಮನೆಯಲ್ಲೂ ನರ್ಸಿಂಗ್ ಓದುವ ಮಗಳು ಇರುವುದಿಲ್ಲ. ಅವರ ಕೈಗೆ ಆ ನಾಲ್ಕು ಸಾಲಿನ ಚೀಟಿಯಾದರೂ ಬೇಡವೇ? ಸಂಬಂಧಪಟ್ಟವರು ಗಮನಿಸುವರೇ?